ಕುಲುಮೆಯ ಲೆಕ್ಕದಲ್ಲಿ ಕಾಡು: ಭದ್ರಾವತಿಯ ಇತಿಹಾಸದಿಂದ ಒಂದು ವಿಚಾರ

ಕೈಗಾರಿಕೆಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಯಂತ್ರಗಳಿಂದ ಪ್ರಾರಂಭಿಸಿ ಲಾಭನಷ್ಟಗಳಲ್ಲಿ ಮುಗಿಸುತ್ತಾರೆ. ಯಂತ್ರವು ಉಣ್ಣುವ ಸೌದೆ, ಕುಡಿಯುವ ನೀರು, ಅದನ್ನು ನಡೆಸುವ ಜನ ಇವೆಲ್ಲವೂ ಕಥೆಯ ಅಂಚಿನಲ್ಲಿಯೇ ಉಳಿದುಬಿಡುತ್ತವೆ. ಇಂದು ಪ್ರಕೃತಿಯ ರಕ್ಷಣೆಯನ್ನೂ ಸಮಾಜದ ಹಿತವನ್ನೂ ಉತ್ಪಾದನೆಯ ಯೋಜನೆಯೊಳಗೇ ಸೇರಿಸಬೇಕೆಂಬ ಮಾತು ಎಲ್ಲೆಡೆಯಲ್ಲಿಯೂ ಕೇಳಿಬರುತ್ತಿದೆ. ಇದಕ್ಕೆ ‘ಸುಸ್ಥಿರತೆ’ ಎಂಬ ಹೆಸರೂ ಬಂದಿದೆ. ಇದೊಂದು ಹೊಸ ಕಾಲದ ಹೊಸ ವಿಚಾರವೆಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಈ ವಿಚಾರ ಹುಟ್ಟಿದ್ದು ಕಾರ್ಖಾನೆಯ ಹೊರಗಲ್ಲ, ಲೋಹವನ್ನು ಕರಗಿಸುವ ಕುಲುಮೆಯ ಬಾಯಲ್ಲಿಯೇ. ಅದು ಹೇಗೆ ಹುಟ್ಟಿತು, ಯಾವಾಗ ಬಾಳಿತು, ಯಾವಾಗ ಮರೆಯಿತು ಎಂಬುದನ್ನು ತಿಳಿಯುವುದಕ್ಕೆ ಕನ್ನಡನಾಡಿನ ಭದ್ರಾವತಿಗಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ.

೧

೧೭೧೩ರಲ್ಲಿ ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ ಅರಣ್ಯಕೃಷಿಯನ್ನು ಕುರಿತ ಒಂದು ದೊಡ್ಡ ಗ್ರಂಥ ಪ್ರಕಟವಾಯಿತು. ಅದನ್ನು ಬರೆದ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಅರಣ್ಯಾಧಿಕಾರಿಯಲ್ಲ. ಫ್ರೈಬರ್ಗ್ ನಗರದಲ್ಲಿದ್ದ ಗಣಿ ಇಲಾಖೆಯ ಮುಖ್ಯಾಧಿಕಾರಿ. ಬೆಳ್ಳಿಯ ಅದಿರನ್ನು ಕರಗಿಸುವ ಕುಲುಮೆಗಳಿಗೆ ಸೌದೆ ಸಾಲದೆ ಬಂದುದು ಅವನ ಚಿಂತೆಗೆ ಕಾರಣವಾಗಿತ್ತು. ಕಾಡು ಒಂದು ವರ್ಷದಲ್ಲಿ ಎಷ್ಟು ಬೆಳೆಯುವುದೋ ಅಷ್ಟನ್ನೇ ಕಡಿಯಬೇಕು, ಆಗ ಮಾತ್ರ ಕುಲುಮೆ ನಿರಂತರವಾಗಿ ಉರಿಯಬಲ್ಲುದು ಎಂಬುದು ಅವನ ಸಿದ್ಧಾಂತದ ಸಾರ. ‘ಸುಸ್ಥಿರ’ ಎಂಬ ಅರ್ಥವುಳ್ಳ ಜರ್ಮನ್ ಪದವು ಈ ಪ್ರಸಂಗದಲ್ಲಿಯೇ ಮೊದಲು ಬಳಕೆಗೆ ಬಂದಿತೆಂದು ಅರಣ್ಯಶಾಸ್ತ್ರಜ್ಞರು ಒಪ್ಪುತ್ತಾರೆ. ೧೮೬೪ರಲ್ಲಿ ಭಾರತದ ಅರಣ್ಯಗಳ ಮೊದಲನೆಯ ಇನ್‌ಸ್ಪೆಕ್ಟರ್ ಜನರಲ್ ಆದ ಡೀಟ್ರಿಚ್ ಬ್ರಾಂಡಿಸ್ ಕೂಡ ಜರ್ಮನಿಯವನೇ. ಅವನ ಮೂಲಕ ಈ ಲೆಕ್ಕಾಚಾರದ ಪದ್ಧತಿ ನಮ್ಮ ದೇಶಕ್ಕೂ ಬಂದಿತು.

ಇತ್ತ ಕನ್ನಡನಾಡಿನಲ್ಲಿ ಕಬ್ಬಿಣದ ತಯಾರಿಕೆ ಬಹು ಪ್ರಾಚೀನವಾದುದು. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕಮ್ಮಟಗಳನ್ನು ಸೂಕ್ಷ್ಮವಾಗಿ ವರ್ಣಿಸಿದ್ದಾನೆ. ಮಳೆಯ ಹಳ್ಳಗಳು ಹೊತ್ತು ತರುವ ಕಪ್ಪು ಮರಳು, ಮಣ್ಣಿನ ಸಣ್ಣ ಕುಲುಮೆ, ಚರ್ಮದ ತಿದಿ, ಕಾಡಿನ ಇದ್ದಿಲು ಇವೇ ಸಾಮಗ್ರಿ. ಉಕ್ಕನ್ನು ಮಾಡುವಾಗ ಮೂಸೆಯೊಳಗೆ ತಂಗಡಿಯ ಕಡ್ಡಿಯನ್ನಿಡುವ ಪದ್ಧತಿಯನ್ನೂ ಅವನು ಗುರುತಿಸಿದ್ದಾನೆ. ತಯಾರಾದ ಕಬ್ಬಿಣವನ್ನು ಕೆಲಸಗಾರರೊಳಗೆ ಪಾಲುಗಳಾಗಿ ಹಂಚಿಕೊಳ್ಳುವ ರೀತಿಯೂ ಅವನ ಗಮನಕ್ಕೆ ಬಂದಿತ್ತು. ಈ ಹಳೆಯ ಕಮ್ಮಟಗಳನ್ನು ಆದರ್ಶವೆಂದು ಹೊಗಳಬೇಕಾದುದಿಲ್ಲ. ದುಡಿಮೆ ಕಠಿನ, ಸಂಪಾದನೆ ಅಲ್ಪ. ಆದರೆ ಒಂದು ಮಾತನ್ನು ಒಪ್ಪಬೇಕು. ಕುಲುಮೆ ಸಣ್ಣದಾದುದರಿಂದ ಅದರ ಹಸಿವೂ ಸಣ್ಣದಾಗಿತ್ತು; ಕಾಡಿನ ಮಿತಿಯೂ ದುಡಿಯುವವರ ಪಾಲೂ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿದ್ದವು.

ದೊಡ್ಡ ಕುಲುಮೆಯ ಹಸಿವು ಎಂಥದೆಂಬುದನ್ನು ದಕ್ಷಿಣ ಭಾರತ ಬೇಗನೆ ಕಂಡಿತು. ಜೋಸಿಯಾ ಮಾರ್ಷಲ್ ಹೀತ್ ಎಂಬಾತನು ೧೮೩೦ರ ಸುಮಾರಿಗೆ ಪೂರ್ವ ಕರಾವಳಿಯ ಪೋರ್ಟೊ ನೋವೊದಲ್ಲಿ ಸೇಲಂ ಸೀಮೆಯ ಅದಿರಿನಿಂದ ಯೂರೋಪಿನ ಮಾದರಿಯಲ್ಲಿ ಕಬ್ಬಿಣ ಮಾಡಲು ಹೊರಟನು. ಅದಿರು ಉತ್ತಮವಾಗಿತ್ತು, ಕಬ್ಬಿಣವೂ ಉತ್ತಮವಾಗಿತ್ತು. ಆದರೂ ಆ ಉದ್ಯಮ ನೆಲೆನಿಲ್ಲಲಿಲ್ಲ. ಹತ್ತಿರದ ಕಾಡು ಬರಿದಾಗಿ ಇದ್ದಿಲನ್ನು ಹೆಚ್ಚು ಹೆಚ್ಚು ದೂರದಿಂದ ತರಬೇಕಾದುದು ಅದರ ವಿಫಲತೆಯ ಮುಖ್ಯ ಕಾರಣಗಳಲ್ಲೊಂದು.

೨

ಮೈಸೂರು ಸಂಸ್ಥಾನಕ್ಕೆ ಅದಿರಿತ್ತು, ಕಲ್ಲಿದ್ದಲಿರಲಿಲ್ಲ. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಹೇರಳವಾದ ಕಬ್ಬಿಣದ ಅದಿರು. ಬಂಡಿಗುಡ್ಡದಲ್ಲಿ ಸುಣ್ಣದ ಕಲ್ಲು. ನಡುವೆ ಭದ್ರಾ ನದಿ. ಸುತ್ತಲೂ ಮಲೆನಾಡಿನ ಕಾಡು. ಕೋಕ್ ಮಾಡಲು ತಕ್ಕ ಕಲ್ಲಿದ್ದಲೋ ಬಹು ದೂರದ ಬಿಹಾರ-ಬಂಗಾಳಗಳ ಗಣಿಗಳಲ್ಲಿ. ಈ ಸನ್ನಿವೇಶದಲ್ಲಿ ದಿವಾನ್ ಎಂ. ವಿಶ್ವೇಶ್ವರಯ್ಯನವರ ಆಡಳಿತ ಇದ್ದಿಲಿನಿಂದಲೇ ಕಬ್ಬಿಣ ಮಾಡುವ ಮಾರ್ಗವನ್ನು ಆರಿಸಿಕೊಂಡಿತು. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಓದಿ, ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ದೀರ್ಘಕಾಲ ದುಡಿದು ಬಂದ ಈ ಎಂಜಿನಿಯರರಿಗೆ ಕೈಗಾರಿಕೆಯೆಂಬುದು ಜನಜೀವನದ ಮಟ್ಟವನ್ನು ಎತ್ತುವ ಸಾಧನವಾಗಿದ್ದಿತು. ಅಮೆರಿಕದ ತಜ್ಞ ಸಿ. ಪಿ. ಪೆರಿನ್ ಸಲಹೆಗಾರನಾದನು. ೧೯೧೮ರಲ್ಲಿ ಯೋಜನೆ ಮಂಜೂರಾಯಿತು. ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಊರಿನಲ್ಲಿ ಕಾರ್ಖಾನೆ ಎದ್ದಿತು. ಊರಿಗೆ ಭದ್ರಾವತಿಯೆಂಬ ಹೆಸರು ನೆಲೆಗೊಂಡಿತು. ೧೯೨೩ರ ಜನವರಿಯಲ್ಲಿ ಊದುಕುಲುಮೆ ಕೆಲಸವನ್ನಾರಂಭಿಸಿತು.

ಈ ಯೋಜನೆಯ ಒಳಗಿನ ಗಣಿತವನ್ನು ಸ್ವಲ್ಪ ವಿಚಾರಿಸಬೇಕು. ಕುಲುಮೆಯ ಸಾಮರ್ಥ್ಯ ದಿನಕ್ಕೆ ಸುಮಾರು ೬೦ ಟನ್ನು ಬೀಡುಕಬ್ಬಿಣ. ಒಂದು ಟನ್ನು ಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ನು ಇದ್ದಿಲು ಬೇಕು. ಒಂದು ಟನ್ನು ಇದ್ದಿಲಿಗೆ ಸುಮಾರು ನಾಲ್ಕು ಟನ್ನು ಸೌದೆ ಬೇಕು. ಎಂದರೆ ದಿನಕ್ಕೆ ೨೪೦ ಟನ್ನು. ವರ್ಷದಲ್ಲಿ ೩೩೦ ದಿನ ಕುಲುಮೆ ನಡೆಯುವುದಾದರೆ ೭೯,೨೦೦ ಟನ್ನು ಸೌದೆ. ಒಂದು ಎಕರೆ ಕಾಡು ವರ್ಷಕ್ಕೆ ಒಂದು ಟನ್ನು ಬೆಳೆಯುವುದೆಂದು ಉದಾಹರಣೆಗಾಗಿ ಭಾವಿಸೋಣ. ಆಗ ಕುಲುಮೆಯನ್ನು ಕಾಡಿನ ಬೆಳವಣಿಗೆಯಿಂದಲೇ ನಡೆಸಲು ೭೯,೨೦೦ ಎಕರೆ, ಅಂದರೆ ಸುಮಾರು ೧೨೪ ಚದರ ಮೈಲಿ ಕಾಡನ್ನು ಮೀಸಲಿಡಬೇಕು. ನಲವತ್ತು ವರ್ಷಕ್ಕೊಮ್ಮೆ ಕಡಿಯುವ ಸರದಿಯಾದರೆ ವರ್ಷಕ್ಕೆ ಮೂರು ಚದರ ಮೈಲಿಗಿಂತ ಸ್ವಲ್ಪ ಹೆಚ್ಚು. ಕುಲುಮೆಯನ್ನು ಇಮ್ಮಡಿಗೊಳಿಸಿದರೆ ಕಾಡೂ ಇಮ್ಮಡಿಯಾಗಬೇಕು. ಇಲ್ಲಿ ಕುಲುಮೆಯ ಗಾತ್ರವನ್ನು ನಿರ್ಣಯಿಸುವುದು ಪೇಟೆಯಲ್ಲ, ಮರದ ವಯಸ್ಸು.

ಇದೇ ಕಾರಣದಿಂದ ಭದ್ರಾವತಿಯ ಮೊದಲ ಯೋಜನೆ ವ್ಯರ್ಥವಾಗುವುದನ್ನು ಕಡಿಮೆ ಮಾಡುವ ಯೋಜನೆಯೂ ಆಗಿದ್ದಿತು. ಕಾಡಿನಲ್ಲಿ ಸೌದೆಯನ್ನು ಮಣ್ಣು ಮುಚ್ಚಿ ಸುಟ್ಟರೆ ಹೊಗೆಯೆಲ್ಲ ಗಾಳಿಗೆ ಹೋಗುತ್ತದೆ. ಅದನ್ನೇ ಮುಚ್ಚಿದ ಕಬ್ಬಿಣದ ಪಾತ್ರೆಗಳಲ್ಲಿ ಕಾಯಿಸಿ ಬಟ್ಟಿಯಿಳಿಸಿದರೆ ಇದ್ದಿಲಿನ ಜೊತೆಗೆ ಮೆಥಿಲ್ ಆಲ್ಕೊಹಾಲು, ಕ್ಯಾಲ್ಸಿಯಂ ಅಸಿಟೇಟು, ಟಾರು ಇವು ದೊರೆಯುತ್ತವೆ. ಇವುಗಳ ಮಾರಾಟದಿಂದ ಬರುವ ಹಣ ಇದ್ದಿಲಿನ ವೆಚ್ಚದ ಒಂದು ಭಾಗವನ್ನು ಹೊರುತ್ತದೆ. ಆದುದರಿಂದಲೇ ಸೌದೆಯ ಬಟ್ಟಿಗೂ ಕಬ್ಬಿಣಕ್ಕೂ ಒಂದೇ ಕಾರ್ಖಾನೆ. ಹೊಗೆಯನ್ನು ಹಣವಾಗಿ ಪರಿವರ್ತಿಸುವ ಈ ಏರ್ಪಾಡನ್ನು ಇಂದಿನವರು ಯಾವ ಹೆಸರಿನಿಂದ ಕರೆದರೂ ಅದರ ತತ್ತ್ವವನ್ನು ಭದ್ರಾವತಿ ಒಂದು ಶತಮಾನದ ಹಿಂದೆಯೇ ಅರಿತಿದ್ದಿತು.

ಆದರೆ ವಿಧಿಯ ವಿಡಂಬನೆಯನ್ನು ನೋಡಿ. ಭದ್ರಾವತಿಯ ಕುಲುಮೆ ಹೊತ್ತಿದ ಅದೇ ೧೯೨೩ರಲ್ಲಿ ಜರ್ಮನಿಯ ಲ್ಯೂನಾದಲ್ಲಿ ಸೌದೆಯ ಸಹಾಯವಿಲ್ಲದೆ, ಅನಿಲಗಳನ್ನು ಒತ್ತಡದಲ್ಲಿ ಕೂಡಿಸಿ, ಮೆಥಿಲ್ ಆಲ್ಕೊಹಾಲನ್ನು ತಯಾರಿಸುವ ಕಾರ್ಖಾನೆಯೂ ಆರಂಭವಾಯಿತು. ಸೌದೆಯ ಬಟ್ಟಿಯ ಉಪೋತ್ಪನ್ನಗಳಿಗೆ ಹಿಂದಿನ ಬೆಲೆ ಉಳಿಯಲಿಲ್ಲ. ಮಹಾಯುದ್ಧದ ಕಾಲದಲ್ಲಿ ಏರಿದ್ದ ಬೀಡುಕಬ್ಬಿಣದ ಬೆಲೆಯೂ ಇಳಿಯಿತು. ಎರಡು ಕಡೆಯ ಹೊರೆಯೂ ಇದ್ದಿಲಿನ ಮೇಲೆ, ಅದರ ಮೂಲಕ ಕಾಡಿನ ಮೇಲೆ ಮತ್ತು ಕಾರ್ಮಿಕನ ಮೇಲೆ ಬಿದ್ದಿತು. ಕಾರ್ಖಾನೆ ನಷ್ಟದಲ್ಲಿದ್ದಾಗ ದಿವಾನಗಿರಿಯಿಂದ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರೇ ೧೯೨೩ರಲ್ಲಿ ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಬಂದು ೧೯೨೯ರ ವರೆಗೆ ಅದನ್ನು ನಡೆಸಿದರು. ಹೊರದೇಶದ ತಜ್ಞರ ಸ್ಥಾನದಲ್ಲಿ ಸಂಸ್ಥಾನದ ತರುಣರನ್ನು ತರಬೇತುಗೊಳಿಸಿ ನಿಲ್ಲಿಸಿದರು. ಬೀಡುಕಬ್ಬಿಣವನ್ನು ಹಾಗೆಯೇ ಮಾರದೆ ಕೊಳವೆಗಳಾಗಿ ಎರಕ ಹೊಯ್ಯುವ ವ್ಯವಸ್ಥೆಗೆ ದಾರಿಮಾಡಿದರು. ಈ ಸೇವೆಗಾಗಿ ತಮಗೆ ಸಲ್ಲಬೇಕಾದ ಹಣವನ್ನು ಅವರು ತರುಣರಿಗೆ ಕಸಬುಗಳನ್ನು ಕಲಿಸುವ ಸಂಸ್ಥೆಯೊಂದಕ್ಕಾಗಿ ಬಿಟ್ಟುಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಔದ್ಯೋಗಿಕ ಶಿಕ್ಷಣ ಸಂಸ್ಥೆ ಅದರ ಫಲ. ಕಾರ್ಖಾನೆಯ ಲೆಕ್ಕದಲ್ಲಿ ಮನುಷ್ಯನ ವಿದ್ಯೆಯೂ ಒಂದು ಬಾಬತ್ತೆಂಬುದನ್ನು ಅವರು ಮರೆಯಲಿಲ್ಲ.

ಆದರೂ ಈ ಯೋಜನೆಯ ದೃಷ್ಟಿಗೆ ಒಂದು ಮಿತಿಯಿದ್ದಿತು. ಅದು ಕಾಡನ್ನು ಎಣಿಸಿತು, ಆದರೆ ಟನ್ನುಗಳಲ್ಲಿ ಎಣಿಸಿತು. ಮಿಶ್ರಾರಣ್ಯವನ್ನು ಕಡಿದ ಜಾಗದಲ್ಲಿ ತೇಗದ ಸಾಲುಗಳನ್ನು ಬೆಳೆಸುವುದು ಆ ಕಾಲದ ಅರಣ್ಯಶಾಸ್ತ್ರಕ್ಕೆ ಒಪ್ಪಿಗೆಯಾದ ಪದ್ಧತಿ. ಟನ್ನಿನ ಲೆಕ್ಕಕ್ಕೆ ಅದು ಸರಿಹೊಂದುತ್ತದೆ. ಆದರೆ ಸೀಗೆ, ಅಂಟುವಾಳ, ನೆಲ್ಲಿ, ಜೇನು, ದನಗಳಿಗೆ ಹುಲ್ಲು, ಅಡಕೆಯ ತೋಟಕ್ಕೆ ಸೊಪ್ಪು ಇವುಗಳಿಗೆ ಕುಲುಮೆಯ ಪುಸ್ತಕದಲ್ಲಿ ಅಂಕಣವಿರಲಿಲ್ಲ. ಕಾಡನ್ನು ನೆಚ್ಚಿದ ಹಳ್ಳಿಯವನಿಗೆ ಕಾಡೆಂದರೆ ಇವೇ.

೩

ಇದ್ದಿಲಿನ ಅಭಾವದಿಂದ ಪಾರಾಗಲು ಭದ್ರಾವತಿ ವಿದ್ಯುತ್ತಿನ ಕಡೆಗೆ ತಿರುಗಿತು. ೧೯೪೮ರಲ್ಲಿ ಜೋಗದ ವಿದ್ಯುದಾಗಾರ ಕೆಲಸಕ್ಕೆ ತೊಡಗಿತ್ತು. ೧೯೫೨ರಲ್ಲಿ ನಾರ್ವೆ ದೇಶದ ಟೈಸ್ಲಾಂಡ್-ಹೋಲ್ ಮಾದರಿಯ ವಿದ್ಯುತ್ ಕುಲುಮೆಗಳು ಭದ್ರಾವತಿಯಲ್ಲಿ ಸ್ಥಾಪಿತವಾದವು. ಊದುಕುಲುಮೆಯಲ್ಲಿ ಇದ್ದಿಲು ಎರಡು ಕೆಲಸಗಳನ್ನು ಮಾಡುತ್ತದೆ: ಶಾಖವನ್ನು ಕೊಡುವುದು ಒಂದು, ಅದಿರಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುವುದು ಇನ್ನೊಂದು. ವಿದ್ಯುತ್ ಕುಲುಮೆಯಲ್ಲಿ ಮೊದಲನೆಯ ಕೆಲಸವನ್ನು ವಿದ್ಯುತ್ತು ವಹಿಸಿಕೊಳ್ಳುವುದರಿಂದ ಇದ್ದಿಲಿನ ಅವಶ್ಯಕತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪ್ರತಿಯಾಗಿ ಒಂದು ಟನ್ನು ಕಬ್ಬಿಣಕ್ಕೆ ಸುಮಾರು ೨,೫೦೦ ಯೂನಿಟ್ ವಿದ್ಯುತ್ತು ಬೇಕಾಗುತ್ತದೆ.

ತಾಂತ್ರಿಕವಾಗಿ ಇದು ದೊಡ್ಡ ಮುನ್ನಡೆ. ಕಾಡಿನ ದೃಷ್ಟಿಯಿಂದಲೂ ಉಪಕಾರ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ವಿದ್ಯುತ್ತು ಶರಾವತಿಯಿಂದ ಬಂದಿತು. ಶರಾವತಿಯ ನೀರನ್ನು ಹಿಡಿಯಲು ಮೊದಲು ಹಿರೇಭಾಸ್ಕರ, ಅನಂತರ ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟುಗಳು ಎದ್ದವು. ಕಾಡು, ಗದ್ದೆ, ತೋಟ, ಊರು, ದೇವಸ್ಥಾನ ಮುಳುಗಿದವು. ಲಿಂಗನಮಕ್ಕಿ ಭದ್ರಾವತಿಗಾಗಿ ಕಟ್ಟಿದ್ದಲ್ಲ, ನಾಡಿಗೇ ಬೆಳಕು ಕೊಟ್ಟ ಯೋಜನೆ ಅದು. ಆದರೂ ಕುಲುಮೆಯ ಹೊರೆ ಕಾಡಿನಿಂದ ಕಣಿವೆಗೆ ವರ್ಗವಾಯಿತೆಂಬುದು ಸುಳ್ಳಲ್ಲ. ಕಣಿವೆಯಿಂದ ಎದ್ದುಹೋದ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ಈ ಶತಮಾನದಲ್ಲಿಯೂ ನ್ಯಾಯಾಲಯದ ಮೆಟ್ಟಿಲೇರಿತು. ಕಾರ್ಖಾನೆಯ ಪುಸ್ತಕದಲ್ಲಿ ವಿದ್ಯುತ್ತಿನ ಬೆಲೆ ಇದ್ದಿತು. ಆ ಕುಟುಂಬಗಳ ಹೆಸರು ಇರಲಿಲ್ಲ.

ಇನ್ನೂ ಗಮನಿಸಬೇಕಾದ ಸಂಗತಿಯೊಂದಿದೆ. ಇದ್ದಿಲು ಕುಲುಮೆಯ ಪ್ರಾಣವಾಗಿದ್ದಷ್ಟು ಕಾಲ ಕಾಡಿನ ಬೆಳವಣಿಗೆಯನ್ನು ಕೇಳುವವರು ಕಾರ್ಖಾನೆಯಲ್ಲಿಯೇ ಇದ್ದರು. ವಿದ್ಯುತ್ತೂ ಮುಂದೆ ಹೊರಗಿನಿಂದ ತರಿಸುವ ಕೋಕ್ ಕೂಡ ಬಂದ ಮೇಲೆ ಆ ಪ್ರಶ್ನೆಯನ್ನು ಕೇಳಬೇಕಾದ ಅಗತ್ಯವೇ ತಪ್ಪಿತು. ಕಾಡಿನ ಮೇಲಿನ ಭಾರ ಇಳಿದಂತೆ ಕಾಡಿನ ಮೇಲಿನ ಲಕ್ಷ್ಯವೂ ಇಳಿಯಿತು. ಕಚ್ಚಾವಸ್ತುವಾಗಿ ಪುಸ್ತಕವನ್ನು ಸೇರಿದುದು ಕಚ್ಚಾವಸ್ತುವಾಗಿರುವಷ್ಟು ದಿನವೇ ಅಲ್ಲಿ ಉಳಿಯುತ್ತದೆ.

೪

ಕಚ್ಚಾವಸ್ತುವಿನ ಲೆಕ್ಕವೇ ತಪ್ಪಾದರೆ ಏನಾಗುವುದೆಂಬುದಕ್ಕೆ ಭದ್ರಾವತಿಯಿಂದ ಉತ್ತರಕ್ಕೆ, ಕಾಳೀ ನದಿಯ ದಂಡೆಯ ದಾಂಡೇಲಿಗೆ ಹೋಗಬೇಕು. ೧೯೫೫ರಲ್ಲಿ ನೋಂದಾಯಿತವಾದ ವೆಸ್ಟ್ ಕೋಸ್ಟ್ ಕಾಗದದ ಗಿರಣಿ ೧೯೫೯ರಲ್ಲಿ ಅಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಉತ್ತರ ಕನ್ನಡ ಜಿಲ್ಲೆಯ ಬಿದಿರು ಗಿರಣಿಗೆ ಎಂದೆಂದಿಗೂ ಸಾಲುವುದೆಂಬ ಅಂದಾಜಿನ ಮೇಲೆ ಆ ಯೋಜನೆ ನಿಂತಿದ್ದಿತು. ಸರ್ಕಾರ ಗಿರಣಿಗೆ ಬಿದಿರನ್ನು ನಾಮಮಾತ್ರದ ದರದಲ್ಲಿ ಒದಗಿಸಿತು. ಬುಟ್ಟಿ ಹೆಣೆಯುವ ಮೇದರು ಪೇಟೆಯಲ್ಲಿ ಅದರ ಅನೇಕ ಪಾಲು ಹೆಚ್ಚು ಬೆಲೆ ತೆರಬೇಕಾಯಿತು. ಎರಡು ದಶಕಗಳು ಕಳೆಯುವಷ್ಟರಲ್ಲಿ ಜಿಲ್ಲೆಯ ಬಿದಿರು ಸಾಲದೆ ಗಿರಣಿ ದೂರದ ರಾಜ್ಯಗಳ ಕಾಡುಗಳನ್ನು ಅರಸಬೇಕಾಯಿತು.

ಎಪ್ಪತ್ತರ ದಶಕದಲ್ಲಿ ಮೇದರ ಅಸಮಾಧಾನ ಹೆಚ್ಚಾದಾಗ ಬಿದಿರಿನ ಸ್ಥಿತಿಗತಿಗಳ ಅಧ್ಯಯನಕ್ಕೆ ತೊಡಗಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್. ಕಾಡಿನಲ್ಲಿದ್ದ ಬಿದಿರಿನ ಪ್ರಮಾಣವನ್ನು ಬಹಳ ಹೆಚ್ಚಾಗಿ ಅಂದಾಜು ಮಾಡಲಾಗಿತ್ತೆಂಬುದು ಅವರಿಗೆ ಕಂಡುಬಂದಿತು. ಮತ್ತೊಂದು ಸಂಗತಿ ಇನ್ನೂ ಬೋಧಪ್ರದವಾದುದು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ದಟ್ಟವಾದ ಹೊದಿಕೆಯಿರುತ್ತದೆ. ಮುಳ್ಳನ್ನು ಸವರಿದರೆ ಮೆಳೆ ಚೆನ್ನಾಗಿ ಬೆಳೆಯುವುದೆಂಬ ನಂಬಿಕೆಯಿಂದ ಅದನ್ನು ಕಡ್ಡಾಯವಾಗಿ ತೆಗೆಸಲಾಗುತ್ತಿತ್ತು. ಆದರೆ ಆ ಮುಳ್ಳೇ ಎಳೆಯ ಕಳಲೆಗೆ ಬೇಲಿ. ಅದು ಹೋದ ಕೂಡಲೆ ದನ, ಕೋತಿ ಮೊದಲಾದ ಪ್ರಾಣಿಗಳು ಕಳಲೆಯನ್ನು ತಿಂದುಹಾಕಿದವು, ಮೆಳೆಗಳು ನಾಶವಾದವು. ಹಳ್ಳಿಯ ಜನಕ್ಕೆ ಈ ವಿಷಯ ಮೊದಲೇ ತಿಳಿದಿತ್ತು. ಅವರನ್ನು ಕೇಳಿದವರಿರಲಿಲ್ಲ. ಸಮಾಜವನ್ನು ಯೋಜನೆಯಲ್ಲಿ ಸೇರಿಸಿಕೊಳ್ಳಬೇಕೆಂಬುದು ಕರುಣೆಯ ಮಾತೊಂದೇ ಅಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸ್ಥಳದ ಜನರನ್ನು ಹೊರಗಿಟ್ಟ ಲೆಕ್ಕ, ಲೆಕ್ಕವಾಗಿಯೂ ತಪ್ಪುತ್ತದೆ.

ಭದ್ರಾವತಿಯಲ್ಲಿಯೂ ಕಾಗದದ ಕಾರ್ಖಾನೆಯೊಂದಿದ್ದಿತು. ೧೯೩೬ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯಲ್ಲಿ ಹುಟ್ಟಿದ ಮೈಸೂರು ಕಾಗದದ ಕಾರ್ಖಾನೆಗೆ ೧೯೮೦ರಲ್ಲಿ ನಲವತ್ತು ವರ್ಷಗಳ ಗುತ್ತಿಗೆಯ ಮೇಲೆ ಮಲೆನಾಡಿನ ಅರಣ್ಯಭೂಮಿ ದೊರೆಯಿತು. ಅಲ್ಲಿ ನೀಲಗಿರಿ, ಅಕೇಶಿಯಾ ಬೆಳೆಸಲಾಯಿತು. ಕಡಿಯುವ ಮೊದಲು ಬೆಳೆಸಬೇಕೆಂಬ ತತ್ತ್ವವೇನೋ ಇಲ್ಲಿ ಪಾಲಿತವಾಯಿತು. ಆದರೆ ಯಾವ ಮರ, ಯಾರ ನೆಲದಲ್ಲಿ, ಯಾರನ್ನು ಕೇಳಿ ಎಂಬ ಪ್ರಶ್ನೆಗಳು ಉಳಿದವು. ೨೦೧೫ರಲ್ಲಿ ಕಾರ್ಖಾನೆ ಕಾಗದ ಮಾಡುವುದನ್ನು ನಿಲ್ಲಿಸಿತು. ೨೦೨೦ರಲ್ಲಿ ಗುತ್ತಿಗೆ ಮುಗಿಯಿತು. ಸರ್ಕಾರ ಅದನ್ನು ಮತ್ತೆ ವಿಸ್ತರಿಸಲು ಮುಂದಾದಾಗ ಮಲೆನಾಡಿನಲ್ಲಿ ಪ್ರಬಲವಾದ ವಿರೋಧ ಎದ್ದಿತು. ಕಾಗದವಿಲ್ಲದ ಕಾಗದದ ಕಾರ್ಖಾನೆಗೆ ನೆಡುತೋಪು ಮಾತ್ರ ಉಳಿದಿತ್ತು.

೫

ಕಬ್ಬಿಣದ ಕಾರ್ಖಾನೆಯ ಮುಂದಿನ ಕಥೆ ಬಲ್ಲವರಿಗೆ ಹೊಸದಲ್ಲ. ೧೯೬೨ರಲ್ಲಿ ಅದು ಕಂಪನಿಯಾಯಿತು. ೧೯೭೬ರಲ್ಲಿ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆಯಿತು. ೧೯೮೯ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಗಿ ೧೯೯೮ರಲ್ಲಿ ಅದರೊಳಗೆ ವಿಲೀನವಾಯಿತು. ೨೦೨೩ರ ಜನವರಿಯಲ್ಲಿ, ಮೊದಲ ಕುಲುಮೆ ಹೊತ್ತಿ ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಲ್ಲಿ, ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಿತು. ಸ್ವಂತ ಅದಿರಿನ ಗಣಿಯಿಲ್ಲದಿರುವುದು ನಷ್ಟದ ಕಾರಣಗಳಲ್ಲೊಂದೆಂದು ಹೇಳಲಾಯಿತು. ಗುತ್ತಿಗೆಯ ಕಾರ್ಮಿಕರು ಬೀದಿಗಿಳಿದರು. ಅದೇ ವರ್ಷ ಕೆಲವು ವಿಭಾಗಗಳು ಮತ್ತೆ ಚಾಲನೆ ಪಡೆದವು.

ಕಾರ್ಖಾನೆಗಾಗಿ ಬೆಳೆದ ಊರಿಗೆ ಕಾರ್ಖಾನೆಯ ಬಾಗಿಲು ಮುಚ್ಚುವುದೆಂದರೆ ಏನೆಂಬುದನ್ನು ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಿಗೆ ವಿವರಿಸಬೇಕಾದುದಿಲ್ಲ. ೧೯೮೨ರ ಮುಷ್ಕರದ ಅನಂತರ ಗಿರಣಗಾಂವದಲ್ಲಿ ಬಟ್ಟೆಯ ಗಿರಣಿಗಳು ಒಂದೊಂದಾಗಿ ನಿಂತುದನ್ನು ಆ ನಗರ ಕಂಡಿದೆ. ಯಂತ್ರದ ಸವಕಳಿಗೆ ವರ್ಷವರ್ಷವೂ ಹಣ ತೆಗೆದಿಡುವ ಪದ್ಧತಿ ಎಲ್ಲ ಕಾರ್ಖಾನೆಗಳಲ್ಲಿಯೂ ಇದೆ. ಕಡಿದ ಕಾಡಿನ ಸವಕಳಿಗೆ, ಮುಳುಗಿದ ಊರಿನ ಸವಕಳಿಗೆ, ಮೂರು ತಲೆಮಾರು ಒಂದೇ ಕಸಬನ್ನು ನೆಚ್ಚಿ ನಿಂತ ಕುಟುಂಬದ ಸವಕಳಿಗೆ ಅಂಥ ನಿಧಿ ಎಲ್ಲಿಯೂ ಇಲ್ಲ.

ಭದ್ರಾವತಿಯ ಇತಿಹಾಸದಿಂದ ಹೊರಡುವ ವಿಚಾರ ಇಷ್ಟೆ. ಕುಲುಮೆ ದಿನದ ಲೆಕ್ಕದಲ್ಲಿ ಬದುಕುತ್ತದೆ. ಕಾಡು ನಲವತ್ತು ವರ್ಷಗಳ ಲೆಕ್ಕದಲ್ಲಿ. ಊರು ತಲೆಮಾರುಗಳ ಲೆಕ್ಕದಲ್ಲಿ. ಉತ್ಪಾದನೆಯ ಯೋಜನೆಯೆಂದರೆ ಈ ಮೂರು ಕಾಲಮಾನಗಳನ್ನು ಹೊಂದಿಸುವ ಕೆಲಸ. ೧೯೧೮ರ ಯೋಜಕರು ಮೊದಲಿನ ಎರಡನ್ನು ಹೊಂದಿಸಲು ಯತ್ನಿಸಿದರು. ಕಾಡಿಲ್ಲದೆ ಕುಲುಮೆಯಿಲ್ಲವೆಂಬ ನಿರ್ಬಂಧವೇ ಅವರನ್ನು ಎಚ್ಚರದಲ್ಲಿಟ್ಟಿತ್ತು. ಆ ನಿರ್ಬಂಧ ತಪ್ಪಿದ ಮೇಲೆಯೂ ಎಚ್ಚರ ಉಳಿಯಬೇಕಾದರೆ ಕಾಡೂ ನದಿಯೂ ಕಾರ್ಮಿಕನೂ ಮೇದರವನೂ ಕಚ್ಚಾವಸ್ತುವಿನ ಅಂಕಣದಲ್ಲಲ್ಲ, ಪಾಲುದಾರರ ಅಂಕಣದಲ್ಲಿ ಬರಬೇಕು. ಬುಕಾನನ್ ಕಂಡ ಕಮ್ಮಟಗಳಲ್ಲಿ ಕಬ್ಬಿಣವನ್ನು ಪಾಲು ಮಾಡುವಾಗ ದುಡಿದವರು ಎದುರಿಗೇ ನಿಂತಿರುತ್ತಿದ್ದರು. ದೊಡ್ಡ ಕಾರ್ಖಾನೆಯಲ್ಲಿ ಅವರು ಎದುರಿಗೆ ಕಾಣುವುದಿಲ್ಲ. ಆದುದರಿಂದಲೇ ಅವರನ್ನು ಬರೆದಿಡಬೇಕಾಗಿದೆ.